'ವಿಧಾತ' ಎಂಬ ಪದ: ಯಕೋಬರ ಪತ್ರ 4:12ರ ಹಿನ್ನೆಲೆಯಲ್ಲಿ ಒಂದು ವಿಮರ್ಶೆ

ಸಂತ ಯಕೋಬರ ಪತ್ರದ 4ನೆಯ ಅಧ್ಯಾಯದ 12ನೆಯ ವಚನದಲ್ಲಿ ದೇವರಿಗೆ ಒಂದು ಅಪರೂಪದ ಹೆಸರು ಸಂದಿದೆ. ಮೂಲ ಗ್ರೀಕಿನಲ್ಲಿ ಅದು 'ನೊಮೊಥೆತೇಸ್', ಎಂದರೆ ಶಾಸನವನ್ನು ನೆಲೆಗೊಳಿಸುವವನು. ಹೊಸ ಒಡಂಬಡಿಕೆಯಲ್ಲಿ ಈ ನಾಮಪದ ಕಾಣಿಸಿಕೊಳ್ಳುವುದು ಇದೊಂದೇ ಕಡೆ. ನಮ್ಮ ಕನ್ನಡ ಬೈಬಲ್ ಪರಂಪರೆಯು 'ನೋಮೊಸ್' ಎಂಬುದಕ್ಕೆ ಸಾಮಾನ್ಯವಾಗಿ 'ಧರ್ಮಶಾಸ್ತ್ರ' ಎಂಬ ಪದವನ್ನು ಬಳಸುತ್ತ ಬಂದಿದೆ. ಆದರೆ ಆ ಶಾಸ್ತ್ರವನ್ನು ಕೊಟ್ಟವರನ್ನು ಒಂದೇ ಪದದಲ್ಲಿ ಕರೆಯಬೇಕಾದಾಗ, ವಿಶೇಷವಾಗಿ ಪ್ರಬೋಧನೆಯಲ್ಲಿ ಮತ್ತು ಗೀತರಚನೆಯಲ್ಲಿ, ನಮ್ಮ ನಾಲಗೆ ಹಲವು ಪದಗಳ ನಡುವೆ ತಡವರಿಸುತ್ತದೆ. ಶಾಸಕ, ಶಾಸನಕರ್ತ, ಧರ್ಮಶಾಸ್ತ್ರಕಾರ, ವಿಧಾತ ಎಂಬಿವು ಅವುಗಳಲ್ಲಿ ಮುಖ್ಯವಾದವು. ಇವುಗಳಲ್ಲಿ 'ವಿಧಾತ' ಎಂಬುದಕ್ಕೆ ಕಾವ್ಯದ ಗಾಂಭೀರ್ಯವಿದೆ. ಕಿವಿಗೂ ಅದು ಇಂಪು. ಈ ಪದವು ಯಕೋಬರ ಮಾತಿನ ಭಾರವನ್ನು ಹೊರಬಲ್ಲುದೇ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರಶ್ನೆ ನಮಗೆ ನಿಘಂಟಿನಿಂದ ಎದುರಾದುದಲ್ಲ. ಕೆಲವು ವರ್ಷಗಳ ಹಿಂದೆ ಕಾರವಾರ-ಅಂಕೋಲಾ ಸೀಮೆಯ ಒಂದು ಪುನರ್ವಸತಿ ಬಡಾವಣೆಯಲ್ಲಿ ಬಲಿಪೂಜೆಯನ್ನು ಅರ್ಪಿಸುವ ಅವಕಾಶ ನಮಗೆ ಒದಗಿತ್ತು. ಅಲ್ಲಿ ನೆರೆದಿದ್ದವರಲ್ಲಿ ಬಹುಪಾಲು ಜನ ಸೀಬರ್ಡ್ ನೌಕಾನೆಲೆಗಾಗಿ ಮನೆ, ಗದ್ದೆ ಹಾಗೂ ಕಡಲ ದಂಡೆಯನ್ನು ಬಿಟ್ಟು ಬಂದ ಕುಟುಂಬಗಳವರು. ನೆರೆಯವನ ಮೇಲೆ ತೀರ್ಪು ಹೇಳಬಾರದೆಂಬ ಯಕೋಬರ ಬೋಧೆಯನ್ನು ವಿವರಿಸುತ್ತ, ವಿಧಾತರು ದೇವರೊಬ್ಬರೇ, ವಿಧಿಸುವ ಅಧಿಕಾರ ಮತ್ತಾರಿಗೂ ಇಲ್ಲ ಎಂದು ನಾವು ಒತ್ತಿ ಹೇಳಿದೆವು. ಪೂಜೆ ಮುಗಿದ ಮೇಲೆ ವಯಸ್ಸಾದ ತಾಯಿಯೊಬ್ಬರು ಬಳಿಗೆ ಬಂದು, ಹಾಗಾದರೆ ತಮ್ಮನ್ನು ಊರಿನಿಂದ ಎಬ್ಬಿಸಿದ್ದೂ ದೇವರೇ ಏನು ಎಂದು ಕೊಂಕಣಿಯಲ್ಲಿ ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹೌದೆಂಬ ಉತ್ತರವನ್ನು ಒಪ್ಪಿಕೊಳ್ಳಲು ಅವರು ಸಿದ್ಧರಾಗಿಯೇ ಬಂದಂತಿತ್ತು. ಆ ಸಿದ್ಧತೆಯೇ ನಮ್ಮನ್ನು ಕಲಕಿತು. ಅವರು ನಮ್ಮ ಮಾತನ್ನು ತಪ್ಪಾಗಿ ಕೇಳಿಸಿಕೊಂಡಿರಲಿಲ್ಲ. ನಾವು ಆರಿಸಿಕೊಂಡ ಪದ ಹೇಳುವುದನ್ನೇ ಅವರು ಕೇಳಿಸಿಕೊಂಡಿದ್ದರು.

ಒಂದೇ ಧಾತು, ಎರಡು ಭಾಷೆ

ಮೊದಲಿಗೆ 'ವಿಧಾತ' ಪದದ ಪರವಾಗಿ ಹೇಳಬೇಕಾದುದನ್ನು ಪೂರ್ಣವಾಗಿಯೇ ಹೇಳಬೇಕು. 'ನೊಮೊಥೆತೇಸ್' ಎಂಬುದರಲ್ಲಿ ಎರಡು ಭಾಗಗಳಿವೆ. 'ನೋಮೊಸ್' ಎಂಬುದು ಹಂಚು, ಪಾಲು ಮಾಡಿ ಕೊಡು ಎಂಬರ್ಥದ 'ನೆಮೆಯ್ನ್' ಕ್ರಿಯಾಪದಕ್ಕೆ ಸಂಬಂಧಿಸಿದ್ದು. ಪ್ರತಿಯೊಬ್ಬನಿಗೂ ಸಲ್ಲಬೇಕಾದ ಪಾಲು, ಅದರಿಂದ ರೂಢಿ, ಅದರಿಂದ ಶಾಸನ ಎಂಬಂತೆ ಅದರ ಅರ್ಥ ಬೆಳೆದಿದೆ. ಎರಡನೆಯ ಭಾಗ 'ಇಡು, ನೆಲೆಗೊಳಿಸು' ಎಂಬರ್ಥದ 'ತಿಥೇಮಿ' ಕ್ರಿಯಾಪದದಿಂದ ಬಂದಿದೆ. ಸಂಸ್ಕೃತದ 'ಧಾ' ಧಾತು ಮತ್ತು ಗ್ರೀಕಿನ ಈ ಕ್ರಿಯಾಪದ ಒಂದೇ ಮೂಲದವು ಎಂಬುದು ಭಾಷಾಶಾಸ್ತ್ರದಲ್ಲಿ ಸ್ಥಿರಪಟ್ಟಿರುವ ವಿಷಯ. 'ವಿ' ಎಂಬ ಉಪಸರ್ಗ ಸೇರಿದಾಗ ಆ ಧಾತುವಿಗೆ ಹಂಚಿ ಇಡು, ಗೊತ್ತುಪಡಿಸು, ವಿಧಿಸು ಎಂಬ ಅರ್ಥಗಳು ಬರುತ್ತವೆ. ಹೀಗೆ ನೋಡಿದರೆ 'ವಿಧಾತ' ಎಂಬುದು 'ನೊಮೊಥೆತೇಸ್' ಪದಕ್ಕೆ ರಕ್ತಸಂಬಂಧಿ.

ಇಷ್ಟೇ ಅಲ್ಲ. ಇಂದಿನ ಕನ್ನಡದ ಸಾರ್ವಜನಿಕ ಜೀವನ ಈ ಧಾತುವಿನ ಮೇಲೆಯೇ ನಿಂತಿದೆ. ಶಾಸನಗಳು ರೂಪುಗೊಳ್ಳುವ ಮನೆ ವಿಧಾನಸಭೆ. ಅಲ್ಲಿ ಮಂಡಿತವಾಗುವುದು ವಿಧೇಯಕ. ಎಲ್ಲಕ್ಕೂ ಮೇಲಿರುವುದು ಸಂವಿಧಾನ. ಅದರ ಒಂದೊಂದು ಅಂಶವೂ ಒಂದು ವಿಧಿ. ಗುರುಮಠದ ಒಳಗೆ ನಾವು ದಿನವೂ ಬಳಸುವ 'ವಿಧೇಯತೆ' ಎಂಬ ಪದವೂ ಇದೇ ಮನೆತನದ್ದು. ವಿಧಿಸುವವರು ಯಾರೆಂಬ ಪ್ರಶ್ನೆಗೂ ನಾವು ಯಾರಿಗೆ ವಿಧೇಯರು ಎಂಬ ಪ್ರಶ್ನೆಗೂ ನಂಟಿದೆ ಎಂಬುದನ್ನು ಭಾಷೆಯೇ ಸೂಚಿಸುತ್ತದೆ.

ಯಕೋಬರ ಕಾಲದ ಓದುಗರಿಗೆ ಗ್ರೀಕ್ ಪದ ಏನನ್ನು ನೆನಪಿಸುತ್ತಿತ್ತು ಎಂಬುದನ್ನೂ ಗಮನಿಸಬೇಕು. ಅಥೆನ್ಸ್ ನಗರದಲ್ಲಿ ಕ್ರಿ.ಪೂ. 403ರ ನಂತರ 'ನೊಮೊಥೆತಾಯ್' ಎಂದರೆ ಶಾಸನಗಳನ್ನು ಪರಿಶೀಲಿಸಿ ಅಂಗೀಕರಿಸುವ, ಪ್ರಮಾಣವಚನ ಸ್ವೀಕರಿಸಿದ ನಾಗರಿಕರ ಮಂಡಳಿ. ಗ್ರೀಕ್ ಭಾಷೆಯ ಯೆಹೂದ್ಯ ಲೇಖಕರಲ್ಲಿ, ವಿಶೇಷವಾಗಿ ಅಲೆಕ್ಸಾಂಡ್ರಿಯದ ಫಿಲೋನಲ್ಲಿ, ಆ ಬಿರುದು ಮೋಶೆಗೆ ಸಲ್ಲುತ್ತದೆ. ಯಕೋಬರು ಅದನ್ನು ಮೋಶೆಗೂ ಕೊಡಲಿಲ್ಲ, ನಗರದ ಮಂಡಳಿಗೂ ಕೊಡಲಿಲ್ಲ. ಆ ಹೆಸರಿಗೆ ಅರ್ಹರು ಒಬ್ಬರೇ ಎಂದರು. ಆ ಒಬ್ಬರ ಗುರುತಾಗಿ ಅವರು ಮುಂದಿಡುವ ಮೊದಲ ಲಕ್ಷಣ ರಕ್ಷಿಸುವ ಸಾಮರ್ಥ್ಯ. ನಾಶಮಾಡುವ ಸಾಮರ್ಥ್ಯ ಅದರ ನಂತರ ಬರುತ್ತದೆ. ಈ ಕ್ರಮವನ್ನು ಮರೆತರೆ ವಚನದ ಅರ್ಥವೇ ಕೈತಪ್ಪುತ್ತದೆ.

ಬಳಕೆಯ ತೀರ್ಪು

ಆದರೆ ಪದದ ಹುಟ್ಟು ಪದದ ಅರ್ಥವಲ್ಲ. ಧಾತುವಿನಿಂದಲೇ ದೈವಶಾಸ್ತ್ರವನ್ನು ಹಿಂಡಿ ತೆಗೆಯುವ ಅಭ್ಯಾಸವನ್ನು ಜೇಮ್ಸ್ ಬಾರ್ ಅವರು 1961ರಲ್ಲಿ ಪ್ರಕಟಿಸಿದ ಬೈಬಲ್ ಭಾಷೆಯ ಅರ್ಥವಿಚಾರದ ಗ್ರಂಥದಲ್ಲಿ ಕಟುವಾಗಿ ವಿಮರ್ಶಿಸಿದರು. ಪದದ ಅರ್ಥ ನಿರ್ಧಾರವಾಗುವುದು ಅದು ವಾಕ್ಯದಲ್ಲಿ, ಜನರ ಬಾಯಲ್ಲಿ ಮಾಡುವ ಕೆಲಸದಿಂದ ಎಂಬ ಅವರ ವಾದವನ್ನು ನಾವು ಹೀಬ್ರೂ ಮತ್ತು ಗ್ರೀಕ್ ಪಾಠಗಳಿಗೆ ಅನ್ವಯಿಸಿಕೊಂಡಿದ್ದೇವೆ. ಕನ್ನಡಕ್ಕೆ ಅನ್ವಯಿಸಿಕೊಂಡದ್ದು ಕಡಿಮೆ.

ಜನರ ಬಾಯಲ್ಲಿ 'ವಿಧಿ' ಎಂದರೆ ಮೊದಲು ಹೊಳೆಯುವುದು ಶಾಸನವಲ್ಲ, ಹಣೆಬರಹ. ವಿಧಿಯಾಟ, ವಿಧಿಬರಹ, ವಿಧಿಲಿಖಿತ ಎಂಬ ಮಾತುಗಳು ನಮ್ಮೆಲ್ಲರಿಗೂ ಪರಿಚಿತ. ಯಾರಾದರೂ ತೀರಿಕೊಂಡರೆ ಪತ್ರಿಕೆಗಳು 'ವಿಧಿವಶ' ಎಂದು ಬರೆಯುತ್ತವೆ. ವಿಧಾತನೆಂದರೆ ಹುಟ್ಟಿದ ಮಗುವಿನ ಹಣೆಯ ಮೇಲೆ ಬರೆದು ಹೋಗುವವನು. ಈ ಬರಹಕ್ಕೆ ಮೂರು ಲಕ್ಷಣಗಳಿವೆ: ಅದು ಓದಲಾಗದ್ದು, ಅಳಿಸಲಾಗದ್ದು, ಪ್ರಶ್ನಿಸಲಾಗದ್ದು. ಬರೆದವನು ಬರೆದ ಮೇಲೆ ಅಲ್ಲಿರುವುದಿಲ್ಲ.

ಬೈಬಲಿನ ಧರ್ಮಶಾಸನದ ಲಕ್ಷಣಗಳು ಈ ಮೂರಕ್ಕೂ ವಿರುದ್ಧವಾಗಿವೆ. ಅದನ್ನು ಜನಸಮೂಹದ ಮುಂದೆ ಗಟ್ಟಿಯಾಗಿ ಓದಲಾಗುತ್ತದೆ. ಅದು ಆಕಾಶದ ಮೇಲಾಗಲಿ ಸಮುದ್ರದ ಆಚೆಯಾಗಲಿ ಅಡಗಿಲ್ಲ, ಬಾಯಲ್ಲಿ ಮತ್ತು ಹೃದಯದಲ್ಲಿ ಇದೆ ಎಂದು ಧರ್ಮೋಪದೇಶಕಾಂಡದ 30ನೆಯ ಅಧ್ಯಾಯ ಹೇಳುತ್ತದೆ. ಸಂಖ್ಯಾಕಾಂಡದ 27ನೆಯ ಅಧ್ಯಾಯದಲ್ಲಿ ಚಲೋಫಹಾದನ ಐದು ಮಂದಿ ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು, ಗಂಡುಮಕ್ಕಳಿಲ್ಲವೆಂಬ ಕಾರಣಕ್ಕೆ ತಂದೆಯ ಪಾಲಿನ ಭೂಮಿ ಕುಲದಿಂದ ಏಕೆ ತಪ್ಪಬೇಕೆಂದು ಕೇಳಿದಾಗ, ಅವರ ಮಾತು ನ್ಯಾಯವಾದದ್ದೆಂದು ದೇವರೇ ಒಪ್ಪಿ ಹೊಸ ನಿಯಮವನ್ನು ಕೊಡುತ್ತಾರೆ. ಭೂಮಿಯನ್ನು ಕಳೆದುಕೊಳ್ಳಲಿದ್ದವರ ಅಹವಾಲನ್ನು ಆಲಿಸಿ ನಿಯಮವನ್ನು ವಿಸ್ತರಿಸುವ ಈ ದೇವರನ್ನು ಹಣೆಬರಹದ ಲಿಪಿಕಾರನ ಹೆಸರಿನಿಂದ ಕರೆಯುವುದು ಹೇಗೆ?

ಕಾರವಾರದ ಕಡಲತೀರದಿಂದ ಒಂದು ನಿದರ್ಶನ

'ವಿಧಾತ' ಪದ ತಂದೊಡ್ಡುವ ಗೊಂದಲಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. ಅದಕ್ಕೆ ಸಂಬಂಧಿಸಿದ ಕವಿಗೂ ಕಾರವಾರಕ್ಕೂ ನಂಟಿದೆ. ರವೀಂದ್ರನಾಥ ಠಾಕೂರರ ಅಣ್ಣ, ಭಾರತೀಯರಲ್ಲಿ ಮೊದಲಿಗೆ ಐ.ಸಿ.ಎಸ್. ಸೇರಿದ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ತರುಣ ರವೀಂದ್ರರು ಅಣ್ಣನ ಮನೆಯಲ್ಲಿ ತಂಗಿದ್ದಾಗಲೇ 'ಪ್ರಕೃತಿರ ಪ್ರತಿಶೋಧ' ನಾಟಕವನ್ನು ರಚಿಸಿದರು. ಊರಿನ ಕಡಲತೀರ ಇಂದು ಅವರ ಹೆಸರಿನಲ್ಲಿದೆ. ಅವರು ಮುಂದೆ ಬರೆದ, ಈಗ ನಮ್ಮ ರಾಷ್ಟ್ರಗೀತೆಯಾಗಿರುವ ಹಾಡಿನಲ್ಲಿ 'ವಿಧಾತ' ಎಂಬ ಪದವಿದೆ. 1911ರ ಡಿಸೆಂಬರ್ 27ರಂದು ಕಲ್ಕತ್ತದ ಕಾಂಗ್ರೆಸ್ ಅಧಿವೇಶನದಲ್ಲಿ ಅದನ್ನು ಮೊದಲ ಬಾರಿಗೆ ಹಾಡಿದಾಗ ಚಕ್ರವರ್ತಿ ಐದನೆಯ ಜಾರ್ಜ್‌ನ ಭಾರತ ಪ್ರವಾಸದ ಕಾಲವದು. ಹಾಡಿನ ವಿಧಾತ ಆ ಚಕ್ರವರ್ತಿಯೇ ಎಂಬ ಅಪವಾದ ಹುಟ್ಟಿಕೊಂಡಿತು. ಯುಗಯುಗಗಳಿಂದ ಮನುಕುಲದ ರಥವನ್ನು ನಡೆಸುತ್ತಿರುವವನು ಯಾವ ಜಾರ್ಜ್ ದೊರೆಯೂ ಆಗಲಾರನು ಎಂಬರ್ಥದ ಸ್ಪಷ್ಟನೆಯನ್ನು ಕವಿ 1937ರ ಪತ್ರವೊಂದರಲ್ಲಿ ನೀಡಬೇಕಾಯಿತು.

ಕವಿಯ ಆಶಯದ ಬಗ್ಗೆ ನಮಗೆ ಸಂದೇಹವಿಲ್ಲ. ನಮ್ಮ ಗಮನಕ್ಕೆ ಬರಬೇಕಾದುದು ಪದದ ಸ್ವಭಾವ. ಸಿಂಹಾಸನದ ಮೇಲಿರುವವನನ್ನೂ ಪರಲೋಕದಲ್ಲಿರುವವರನ್ನೂ ಒಂದೇ ಉಸಿರಿನಲ್ಲಿ ಸೂಚಿಸಬಲ್ಲ ಪದವದು. ಇವರಿಬ್ಬರ ನಡುವಿನ ಗೆರೆಯನ್ನು ಆ ಪದ ತಾನಾಗಿ ಎಳೆಯುವುದಿಲ್ಲ, ಬಳಸಿದವರೇ ಎಳೆಯಬೇಕು. ಮಹಾಕವಿಗೇ ಇಪ್ಪತ್ತಾರು ವರ್ಷಗಳ ನಂತರ ವಿವರಣೆ ಬರೆಯುವ ಅಗತ್ಯ ಬಿದ್ದಿತೆಂದರೆ, ಹತ್ತು ನಿಮಿಷದ ಪ್ರಬೋಧನೆಯಲ್ಲಿ ಆ ಪದವನ್ನು ಎಸೆದು ಹೋಗುವ ನಮ್ಮ ಹೊಣೆ ಎಷ್ಟು ದೊಡ್ಡದು! ಯಕೋಬರ ವಚನವಾದರೋ ಇರುವುದೇ ಆ ಗೆರೆಯನ್ನು ಎಳೆಯಲಿಕ್ಕೆ.

ಕೆತ್ತುವವರು

ಹೀಬ್ರೂ ಬೈಬಲಿನಲ್ಲಿ ಈ ವಿಚಾರಕ್ಕೆ ಮುಖ್ಯವಾದ ಪದ 'ಮೆಹೋಕೇಕ್'. ಅದರ ಧಾತುವಿಗೆ ಕೆತ್ತು, ಕೊರೆ ಎಂಬರ್ಥ; ಕಲ್ಲಿನ ಮೇಲೆ ಕೊರೆದ ಕಟ್ಟಳೆಯೇ 'ಹೋಕ್'. ಆದಿಕಾಂಡ 49:10ರಲ್ಲಿ ಈ ಪದ ರಾಜದಂಡದ ಜೊತೆಜೊತೆಗೆ ಬರುವುದರಿಂದ ಅದಕ್ಕೆ ಅಧಿಕಾರದ ಕೋಲು ಎಂಬರ್ಥವನ್ನೂ ಹೇಳುತ್ತಾರೆ. ಸಂಖ್ಯಾಕಾಂಡ 21:18ರ ಬಾವಿಯ ಹಾಡಿನಲ್ಲಿ ಮರುಭೂಮಿಯ ನೀರನ್ನು ತೋಡುವ ಸಂದರ್ಭದಲ್ಲಿ ಅದೇ ಪದವಿದೆ. ಮೃತ ಸಮುದ್ರದ ಬಳಿಯ ಸಮುದಾಯಕ್ಕೆ ಸಂಬಂಧಿಸಿದ 'ದಮಸ್ಕದ ದಾಖಲೆ'ಯು ಆ ಬಾವಿಯನ್ನು ಧರ್ಮಶಾಸ್ತ್ರವೆಂದೂ ಮೆಹೋಕೇಕನನ್ನು ಅದರ ಅರ್ಥವನ್ನು ಅರಸುವವನೆಂದೂ ವ್ಯಾಖ್ಯಾನಿಸಿತು. ಯೆಶಾಯ 33:22ರಲ್ಲಿ ಈ ಪದ ದೇವರಿಗೇ ಸಲ್ಲುತ್ತದೆ: ಅವರು ನಮ್ಮ ನ್ಯಾಯಾಧಿಪತಿ, ನಮ್ಮ ಮೆಹೋಕೇಕ್, ನಮ್ಮ ಅರಸರು. ವಚನ ಮುಗಿಯುವುದು ಅವರೇ ನಮ್ಮನ್ನು ರಕ್ಷಿಸುವರೆಂಬ ನಂಬಿಕೆಯಲ್ಲಿ. ಯಕೋಬರು ಶಾಸನ, ತೀರ್ಪು, ರಕ್ಷಣೆ ಈ ಮೂರನ್ನೂ ಒಂದೇ ವಾಕ್ಯದಲ್ಲಿ ಪೋಣಿಸುವಾಗ ಇದರ ದನಿ ಕೇಳುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಇಲ್ಲಿ ಕನ್ನಡದ 'ಶಾಸನ' ಪದ ನಮ್ಮ ನೆರವಿಗೆ ಬರುತ್ತದೆ. ಹೀಬ್ರೂ ಪದ ಕೆತ್ತನೆಯಿಂದ ಹೊರಟು ಆಜ್ಞೆಯನ್ನು ತಲುಪಿತು. ನಮ್ಮ ಪದ ಆಜ್ಞೆಯಿಂದ ಹೊರಟು ಕೆತ್ತನೆಯನ್ನು ತಲುಪಿತು. ಕಲ್ಲಿನ ಮೇಲಿನ ಬರಹವನ್ನೂ ಕಾನೂನನ್ನೂ ಒಂದೇ ಪದದಿಂದ ಕರೆಯುವ ಭಾಗ್ಯ ಕನ್ನಡಕ್ಕಿದೆ. ಅದರ ಮೂಲವಾದ 'ಶಾಸ್' ಧಾತುವಿಗೆ ಆಳು ಎಂಬಷ್ಟೇ ಮುಖ್ಯವಾಗಿ ಕಲಿಸು, ತಿದ್ದು ಎಂಬ ಅರ್ಥವಿದೆ. ಶಾಸ್ತ್ರ, ಶಾಸಕ, ಶಿಷ್ಯ ಎಂಬ ಪದಗಳೆಲ್ಲ ಇದರವೇ. 'ತೋರಾ' ಎಂಬುದಕ್ಕೂ ಮೂಲಾರ್ಥ ಉಪದೇಶವೇ ಆಗಿರುವುದರಿಂದ ನಮ್ಮ ಹಿರಿಯ ಅನುವಾದಕರು 'ಧರ್ಮಶಾಸ್ತ್ರ' ಎಂದದ್ದು ವಿವೇಕದ ಆಯ್ಕೆ. ಶಾಸನ ಕೊಡುವವರ ಎದುರಿಗೆ ಇರುವವನು ಬರಿಯ ಪ್ರಜೆಯಲ್ಲ, ಶಿಷ್ಯ. ವಿಧಾತನ ಎದುರಿಗಾದರೆ ಇರುವುದು ಒಂದು ಹಣೆ ಮಾತ್ರ.

ಕೊಟ್ಟ ಶಾಸನ, ಪಡೆದುಕೊಂಡ ಕಾಯಿದೆ

ಕನ್ನಡ ನಾಡಿನ ಶಿಲಾಶಾಸನಗಳಲ್ಲಿ ಬಹಳಷ್ಟು ದಾನಶಾಸನಗಳೆಂಬುದು ನಮ್ಮ ವಿಚಾರಕ್ಕೆ ಮುಖ್ಯ. ಅವು ಕೊಡುಗೆಯ ದಾಖಲೆಗಳು. ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಹಲ್ಮಿಡಿ ಶಾಸನವೂ ಕದಂಬರ ಆಳ್ವಿಕೆಯ ಕಾಲದಲ್ಲಿ ಯುದ್ಧವೀರನೊಬ್ಬನಿಗೆ ಕೊಟ್ಟ ಭೂಮಿಯ ದಾಖಲೆ. ಅದನ್ನು ಕೆಡಿಸುವವನಿಗೆ ಮಹಾಪಾತಕ ತಟ್ಟುವುದೆಂಬ ಎಚ್ಚರಿಕೆಯೂ ಅದರಲ್ಲಿದೆ. ನೆರೆಯವನ ಗಡಿಕಲ್ಲನ್ನು ಸರಿಸಬಾರದೆಂದು ಧರ್ಮೋಪದೇಶಕಾಂಡ 19:14 ಹೇಳುವುದೂ ಇದೇ ಕಾಳಜಿಯಿಂದ. ಈ ಹಳೆಯ ಬಳಕೆಯಲ್ಲಿ ಶಾಸನವೆಂದರೆ, ಬಡವನಾದರೂ ಸರಿಯೆ, ಒಬ್ಬನಿಗೆ ಸಂದ ನೆಲವನ್ನು ಆಚಂದ್ರಾರ್ಕವಾಗಿ ಕಾಯುವ ಕಲ್ಲು.

ಬನವಾಸಿಯ ಆ ಕದಂಬರ ಹೆಸರನ್ನೇ ಕಾರವಾರದ ನೌಕಾನೆಲೆಗೆ ಇಡಲಾಗಿದೆ. 1986ರಲ್ಲಿ ಯೋಜನೆಗೆ ಶಂಕುಸ್ಥಾಪನೆಯಾಯಿತು. 2005ರ ಮೇ ತಿಂಗಳಲ್ಲಿ 'ಐ.ಎನ್.ಎಸ್. ಕದಂಬ' ಸೇವೆಗೆ ಸೇರಿತು. ಇದಕ್ಕಾಗಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಕರಾವಳಿ ಗ್ರಾಮಗಳ ಸಾವಿರಾರು ಕುಟುಂಬಗಳು ನೆಲೆ ಕಳೆದುಕೊಂಡವು. ಬಹುಕಾಲ 'ಸೀಬರ್ಡ್ ನಿರಾಶ್ರಿತರು' ಎಂಬುದೇ ಅವರ ವಿಳಾಸವಾಯಿತು. ಪರಿಹಾರದ ಮೊತ್ತಕ್ಕಾಗಿ ದಶಕಗಳ ಕಾಲ ನ್ಯಾಯಾಲಯಗಳ ಮೆಟ್ಟಿಲು ಹತ್ತಬೇಕಾಯಿತು. ದೇಶದ ರಕ್ಷಣೆ ಸರ್ವರ ಹಿತಕ್ಕೆ ಸೇರಿದ ವಿಷಯವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ನೆಲೆಯಲ್ಲಿ ಸೇವೆ ಸಲ್ಲಿಸುವವರಲ್ಲಿ ನಮ್ಮ ಬಲಿಪೂಜೆಗೆ ಬರುವ ವಿಶ್ವಾಸಿಗಳೂ ಇದ್ದಾರೆ. ನೆಲೆ ಬೇಕಿತ್ತೇ ಬೇಡವಾಗಿತ್ತೇ ಎಂಬುದು ಈ ಲೇಖನದ ಪ್ರಶ್ನೆಯಲ್ಲ. ನೆಲ ಕೈಬಿಟ್ಟುಹೋದುದಕ್ಕೆ ಯಾವ ಹೆಸರು ಕೊಡಬೇಕು ಎಂಬುದಷ್ಟೇ ನಮ್ಮ ಪ್ರಶ್ನೆ.

ಅದಕ್ಕೆ ಸರಿಯಾದ ಹೆಸರು ಭೂಸ್ವಾಧೀನ. 1894ರಲ್ಲಿ, ಈ ದೇಶದ ಜನ ಆರಿಸದೆ ಇದ್ದ ಸರ್ಕಾರವೊಂದು ಮಾಡಿದ ಭೂಸ್ವಾಧೀನ ಕಾಯಿದೆ ಸ್ವಾತಂತ್ರ್ಯದ ನಂತರವೂ ಆರು ದಶಕಗಳಿಗೂ ಹೆಚ್ಚು ಕಾಲ ಜಾರಿಯಲ್ಲಿತ್ತು. ಅದರ ಬದಲಿಗೆ 2013ರಲ್ಲಿ ಸಂಸತ್ತು ಹೊಸ ಕಾಯಿದೆಯನ್ನು ಅಂಗೀಕರಿಸಿತು; ನ್ಯಾಯಯುತ ಪರಿಹಾರ ಮತ್ತು ಪುನರ್ವಸತಿ ಎಂಬ ಮಾತುಗಳು ಅದರ ಶೀರ್ಷಿಕೆಯಲ್ಲೇ ಸೇರಿದವು. ಮನುಷ್ಯರು ಮಾಡಿದ್ದನ್ನು ಮನುಷ್ಯರು ತಿದ್ದಿದರು. ವಿಧಿಯಾಗಿದ್ದರೆ ತಿದ್ದುಪಡಿ ಸಾಧ್ಯವಿತ್ತೇ? ಹಳೆಯ ಕಾಯಿದೆಯ ಫಲವನ್ನು ವಿಧಾತನ ಲೆಕ್ಕಕ್ಕೆ ಬರೆದ ಕ್ಷಣದಲ್ಲೇ ಅದನ್ನು ಮಾಡಿದವರ, ಜಾರಿಗೆ ತಂದವರ, ಪರಿಹಾರ ತಡಮಾಡಿದವರ ಹೊಣೆಯನ್ನು ನಾವು ಅಳಿಸಿಹಾಕುತ್ತೇವೆ. ಪ್ರವಾದಿ ಯೆಶಾಯರು ಹೀಗೆ ಅಳಿಸಲು ಬಿಡುವುದಿಲ್ಲ. 33:22ರಲ್ಲಿ ದೇವರಿಗೆ ಸಂದ ಕೆತ್ತನೆಯ ಧಾತುವೇ 10:1ರಲ್ಲಿ ಅನ್ಯಾಯದ ಕಟ್ಟಳೆಗಳನ್ನು ಕೆತ್ತುವವರ ಮೇಲಿನ ಧಿಕ್ಕಾರದಲ್ಲೂ ಬರುತ್ತದೆ. ಬಡವರ ನ್ಯಾಯವನ್ನು ತಪ್ಪಿಸಿ ವಿಧವೆಯರನ್ನು ಸುಲಿಯುವ ಬರಹವೂ ಕೆತ್ತನೆಯೇ. ಆದ್ದರಿಂದ ಕೆತ್ತಿದ್ದೆಲ್ಲ ದೇವರದ್ದಲ್ಲ. ಕೆತ್ತಿದವರು ಯಾರೆಂದು ಕೇಳಲೇಬೇಕು.

ಅಂಕೋಲೆಯ ಜನರಿಗೆ ಈ ಪ್ರಶ್ನೆ ಹೊಸದೂ ಅಲ್ಲ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಕಾನೂನನ್ನು ಮುರಿದವರು, ಸರ್ಕಾರದ ಮುದ್ರೆ ಬಿದ್ದ ಮಾತ್ರಕ್ಕೆ ಅದು ವಿಧಿಯಾಗಲಿಲ್ಲ ಎಂಬುದನ್ನು ತೋರಿಸಿದರು. ಅನಂತರದ ಕರನಿರಾಕರಣೆಯಲ್ಲಿ ಅದೇ ತಾಲ್ಲೂಕಿನ ರೈತರು ಜಮೀನು ಜಪ್ತಿಗೆ ಒಳಗಾದರೂ ಮಣಿಯಲಿಲ್ಲ. ಅಂಥ ನೆಲದ ಮಕ್ಕಳು ತಮ್ಮ ನಷ್ಟವನ್ನು ತಲೆಬಾಗಿ ವಿಧಿಯೆಂದು ಒಪ್ಪಿಕೊಳ್ಳುವಂತೆ ನಮ್ಮ ವೇದಿಕೆಯಿಂದ ಬಂದ ಪದವೊಂದು ಮಾಡುವುದಾದರೆ, ಅದು ಭಕ್ತಿಯ ವೃದ್ಧಿಯಲ್ಲ.

ಎರಡು ಆಕ್ಷೇಪಗಳು

ಇಲ್ಲಿ ಗಂಭೀರವಾದ ಆಕ್ಷೇಪವೊಂದು ಏಳಬಹುದು. ಎಲ್ಲವೂ ದೇವರ ಪರಿಪಾಲನೆಗೆ ಒಳಪಟ್ಟಿದೆ ಎಂಬುದು ನಮ್ಮ ವಿಶ್ವಾಸವಲ್ಲವೇ? ಹಾಗಿರುವಾಗ ದೇವರನ್ನು ವಿಧಾತರೆನ್ನಲು ಹಿಂಜರಿಯುವುದು ಆ ವಿಶ್ವಾಸವನ್ನೇ ಸಡಿಲಿಸಿದಂತಲ್ಲವೇ? ಉತ್ತರವನ್ನು ಆದಿಕಾಂಡದ 50ನೆಯ ಅಧ್ಯಾಯದ ಯೋಸೇಫನಿಂದ ಕಲಿಯಬಹುದು. ಸಹೋದರರು ಕೇಡನ್ನು ಎಣಿಸಿದರು, ದೇವರು ಅದರಿಂದಲೇ ಒಳಿತನ್ನು ತಂದರು ಎನ್ನುವ ಯೋಸೇಫನು, ತನ್ನನ್ನು ಮಾರಿದವರು ದೇವರೆಂದು ಹೇಳಿ ಅಣ್ಣಂದಿರ ಕೈತೊಳೆಯುವುದಿಲ್ಲ. ಅವರ ಕೇಡು ಕೇಡೇ ಆಗಿ ಉಳಿಯುತ್ತದೆ. ದೈವಪರಿಪಾಲನೆಯು ಮನುಷ್ಯರ ಹೊಣೆಯನ್ನು ಒಳಗೊಂಡು ಕೆಲಸ ಮಾಡುತ್ತದೆ. ಹಣೆಬರಹವು ಅದನ್ನು ನುಂಗಿಬಿಡುತ್ತದೆ. ಮತ್ತೊಂದು ವ್ಯತ್ಯಾಸವೂ ಇದೆ: ಪರಿಪಾಲಕರ ಮುಂದೆ ಗೋಳಿಡಬಹುದು. ಕೀರ್ತನೆಗಳಲ್ಲಿ ಇಷ್ಟೊಂದು ಪ್ರಲಾಪಗಳಿರುವುದು ಕೇಳುವವರು ಇದ್ದಾರೆ ಎಂಬ ಭರವಸೆಯಿಂದಲೇ.

ಎರಡನೆಯ ಆಕ್ಷೇಪ ಎದುರು ದಿಕ್ಕಿನಿಂದ ಬರಬಹುದು. ಪ್ರೀತಿಯೇ ಸಾಕಾಗಿರುವಾಗ ಶಾಸನ ಕೊಡುವವರೆಂಬ ಹೆಸರೇ ದೇವರಿಗೆ ಏಕೆ ಎಂದು ಕೇಳುವ ಯುವ ಗುರು ಅಭ್ಯರ್ಥಿಗಳಿದ್ದಾರೆ. ಟ್ರೆಂಟ್ ಮಹಾಸಭೆ 1547ರ ಜನವರಿಯಲ್ಲಿ ಹೊರಡಿಸಿದ ನೀತೀಕರಣದ ನಿರ್ಣಯದ 21ನೆಯ ವಿಧಾಯಕವು ಕ್ರಿಸ್ತರನ್ನು ಭರವಸೆಗೆ ಯೋಗ್ಯರಾದ ವಿಮೋಚಕರೆಂದು ಮಾತ್ರವಲ್ಲದೆ ವಿಧೇಯತೆಗೆ ಅರ್ಹರಾದ 'ಲೆಜಿಸ್ಲಾತೊರ್' ಎಂದೂ ಅಂಗೀಕರಿಸಬೇಕೆಂದು ಬೋಧಿಸಿತು. ಈ ಲ್ಯಾಟಿನ್ ಪದದ ಮೂಲ ಚಿತ್ರ ಶಾಸನವನ್ನು ಹೊತ್ತು ತರುವವನದು. ರೋಮಿನಲ್ಲಿ ಅಧಿಕಾರಿಯು ಶಾಸನವನ್ನು ಜನಸಭೆಯ ಮುಂದೆ ತಂದಿಡುತ್ತಿದ್ದನು. ಇಡುವವನು, ಕೆತ್ತುವವನು, ಹೊತ್ತು ತರುವವನು: ಮೂರು ಭಾಷೆಗಳ ಈ ಮೂರು ಚಿತ್ರಗಳಲ್ಲಿ ಕೊನೆಯದು ಶಿಲುಬೆ ಹೊತ್ತವರಿಗೆ ಚೆನ್ನಾಗಿ ಒಪ್ಪುತ್ತದೆ. ಸಂತ ಥಾಮಸ್ ಅಕ್ವಿನಾಸರು ಶಾಸನಕ್ಕೆ ಕೊಟ್ಟ ಲಕ್ಷಣವೂ ಇಲ್ಲಿ ಸ್ಮರಣೀಯ: ಅದು ಸರ್ವಹಿತಕ್ಕಾಗಿ ವಿವೇಕವು ಮಾಡಿದ, ಸಮುದಾಯದ ಆರೈಕೆ ಹೊತ್ತವರು ಪ್ರಕಟಪಡಿಸಿದ ವ್ಯವಸ್ಥೆ. ಬಲವುಳ್ಳವರೆಂದಲ್ಲ, ಆರೈಕೆ ಹೊತ್ತವರೆಂದು ಅವರು ಹೇಳಿದ್ದನ್ನು ಗಮನಿಸಬೇಕು. ಸರ್ವಹಿತವನ್ನು ಬಿಟ್ಟ, ಭಾರವನ್ನು ಸಮನಾಗಿ ಹಂಚದ ಶಾಸನಗಳು ಶಾಸನಕ್ಕಿಂತ ಹಿಂಸೆಗೆ ಹತ್ತಿರ ಎಂಬುದೂ ಅವರದೇ ಮಾತಿನ ಸಾರ. ನಮ್ಮ ಧರ್ಮಕ್ಷೇತ್ರಗಳಲ್ಲಿ ನಿಯಮ ಮಾಡುವವರಿಗೂ, ಧರ್ಮಕೇಂದ್ರದ ಸೂಚನಾಫಲಕಕ್ಕೆ ಸುತ್ತೋಲೆ ಅಂಟಿಸುವ ನಮಗೂ ಈ ಅಳತೆಗೋಲು ಅನ್ವಯಿಸುತ್ತದೆ. ಗ್ರೀಕಿನಲ್ಲಿ ಅಳತೆಗೋಲಿಗೆ 'ಕನೋನ್' ಎನ್ನುತ್ತಾರೆ. ಅರಬ್ಬಿಯ ಮೂಲಕ ಬಂದ ನಮ್ಮ 'ಕಾನೂನು' ಅದೇ ಪದ.

ಮುಂಗಾರು

ಕೊನೆಯದಾಗಿ ಒಂದು ಅನುವಾದದ ಕಥೆ. 84ನೆಯ ಕೀರ್ತನೆಯಲ್ಲಿ ಯಾತ್ರಿಕರು ಒಣ ಕಣಿವೆಯನ್ನು ದಾಟುವಾಗ 'ಮೋರೆ' ಅದನ್ನು ಆಶೀರ್ವಾದಗಳಿಂದ ಮುಚ್ಚುತ್ತದೆ ಎಂಬ ಮಾತಿದೆ. ಹೀಬ್ರೂವಿನಲ್ಲಿ ಆ ಪದಕ್ಕೆ ಮೊದಲ ಮಳೆ ಎಂದೂ ಬೋಧಕ ಎಂದೂ ಅರ್ಥವಾಗುತ್ತದೆ. ಗ್ರೀಕ್ ಸಪ್ತತಿ ಅನುವಾದಕರು ಎರಡನೆಯದನ್ನು ಹಿಡಿದು, ಶಾಸನ ಕೊಡುವವನು ಆಶೀರ್ವಾದಗಳನ್ನು ಕೊಡುವನು ಎಂದು ಮಾಡಿದರು. ಲ್ಯಾಟಿನ್ ವುಲ್ಗಾತದ ಕೀರ್ತನೆಗಳಲ್ಲಿ ಅದು 'ಲೆಜಿಸ್ಲಾತೊರ್' ಆಯಿತು. ಸಂತ ಅಗಸ್ಟೀನರು ಇದರಲ್ಲಿ ಶಾಸನವನ್ನು ಕೊಟ್ಟವರೇ ಕೃಪೆಯನ್ನೂ ಕೊಡುವರೆಂಬ ಸತ್ಯವನ್ನು ಕಂಡರು. ವ್ಯಾಕರಣದ ದೃಷ್ಟಿಯಿಂದ ಇದು ಪ್ರಾಯಶಃ ತಪ್ಪು ಓದು. ಆದರೂ ವರ್ಷವರ್ಷವೂ ಜೂನ್ ತಿಂಗಳಲ್ಲಿ ಅರಬ್ಬೀ ಸಮುದ್ರದ ಕಡೆಗೆ ಕಣ್ಣಿಟ್ಟು ಕಾಯುವ ನಮ್ಮ ಕರಾವಳಿಯ ಜನರಿಗೆ, ಶಾಸನ ಕೊಡುವವರು ಮುಂಗಾರಿನಂತೆ ಬರುತ್ತಾರೆ ಎಂಬುದು ಅರ್ಥವಾಗದ ಮಾತಲ್ಲ. ಇಬ್ರಿಯರಿಗೆ ಬರೆದ ಪತ್ರದ 8:6 ಇದನ್ನೇ ವ್ಯಾಕರಣಬದ್ಧವಾಗಿ ಹೇಳುತ್ತದೆ: ಹೊಸ ಒಡಂಬಡಿಕೆ ಶಾಸನವಾಗಿ ನೆಲೆಗೊಂಡಿರುವುದು ಉತ್ತಮ ವಾಗ್ದಾನಗಳ ಮೇಲೆ. ಅಲ್ಲಿನ ಕ್ರಿಯಾಪದ 'ನೊಮೊಥೆತೇಸ್' ಪದದ ಒಡಹುಟ್ಟು. ಅದೇ ಅಧ್ಯಾಯದಲ್ಲಿ ಯೆರೆಮೀಯರ ಪ್ರವಾದನೆ ಬರುತ್ತದೆ. ದೇವರು ಬರೆಯುವುದು ಹಣೆಯ ಮೇಲಲ್ಲ, ಹೃದಯದ ಮೇಲೆ. ಹಣೆಯ ಬರಹವನ್ನು ಹೊತ್ತವನೇ ಓದಲಾರನು. ಹೃದಯದ ಬರಹವನ್ನಾದರೋ ಹೊತ್ತವನು ಅರಿಯಬಲ್ಲನು, ಅದಕ್ಕೆ ಓಗೊಡಬಲ್ಲನು.

ಇಷ್ಟರಿಂದ ನಮ್ಮ ಸಲಹೆ ಸ್ಪಷ್ಟ. ಯಕೋಬರ ಈ ವಚನವನ್ನು ಬೋಧಿಸುವಾಗ 'ವಿಧಾತ' ಎಂಬುದನ್ನು ಕೈಬಿಡಬೇಕು. 'ಶಾಸಕ' ಎಂದರೆ ಜನರ ಕಣ್ಣಿಗೆ ಬರುವುದು ವಿಧಾನಸಭೆಯ ಸದಸ್ಯರು. 'ಧರ್ಮಶಾಸ್ತ್ರಕಾರ' ಎಂದರೆ ಹಳೆಯ ಸ್ಮೃತಿಗ್ರಂಥಗಳ ಕರ್ತೃಗಳು. ಮನುಷ್ಯರಾದ ಶಾಸನ ನಿರ್ಮಾಪಕರಿಗೆ 'ಶಾಸನಕರ್ತ' ಸಾಕು. ದೇವರಿಗೆ 'ಧರ್ಮಶಾಸ್ತ್ರವನ್ನು ಕೊಟ್ಟವರು' ಎಂಬ ಬಿಡಿಸಿದ ಮಾತೇ ಉತ್ತಮ. ಒಂದೇ ಪದ ಬೇಕೆನಿಸಿದರೆ 'ಶಾಸನದಾತ' ಎನ್ನಬಹುದು. 'ದಾತ' ಎಂಬುದರಲ್ಲಿ ಕೊಡುಗೆಯ ಅರ್ಥವಿದೆ, ಅನ್ನದಾತ ಎಂಬ ಮಾತಿನ ನೆನಪಿದೆ, ದಾನಶಾಸನಗಳ ನೆರಳಿದೆ. ಮಾಡುವವರು ಅನೇಕರು, ಕೊಡುವವರು ಒಬ್ಬರು ಎಂಬ ಯಕೋಬರ ಗೆರೆ ಆಗ ಅಳಿಯದೆ ಉಳಿಯುತ್ತದೆ.

ಆ ತಾಯಿಯ ಪ್ರಶ್ನೆಗೆ ಅಂದು ನಾವು ಕೊಟ್ಟ ಉತ್ತರ ಅಸ್ಪಷ್ಟವಾಗಿತ್ತು. ದೇವರ ಚಿತ್ತ, ತಾಳ್ಮೆ ಎಂಬ ಮಾತುಗಳ ಹಿಂದೆ ನಾವು ಅಡಗಿಕೊಂಡೆವು. ಇಂದು ಕೇಳಿದರೆ ಹೀಗೆ ಹೇಳುತ್ತೇವೆ: ಅಲ್ಲ ತಾಯಿ, ನಿಮ್ಮನ್ನು ಎಬ್ಬಿಸಿದ್ದು ಮನುಷ್ಯರು ಮಾಡಿದ ಒಂದು ಕಾಯಿದೆ. ಅದು ನ್ಯಾಯವಾಗಿ ನಡೆಯಿತೇ ಎಂದು ಕೇಳುವ ಹಕ್ಕು ನಿಮಗಿದೆ. ಆ ಕಾಯಿದೆ ಮಾಡಿದವರ ಮೇಲೂ ಅದನ್ನು ಅನುಭವಿಸಿದ ನಿಮ್ಮ ಮೇಲೂ ಶಾಸನದಾತರು ಒಬ್ಬರಿದ್ದಾರೆ. ಅವರು ರಕ್ಷಿಸಲು ಶಕ್ತರು. ನೀವು ನಮ್ಮನ್ನು ಕೇಳಿದ ಪ್ರಶ್ನೆಯನ್ನು ಅವರನ್ನೇ ಕೇಳಬಹುದು.